ಅವಿನ್ಯೋನ್‌ನಲ್ಲಿ ಬಿಡಾರ, ದಿನಕ್ಕೊಂದು ಊರು

ದಕ್ಷಿಣ ಫ್ರಾನ್ಸ್‌ಗೆ ಹೋಗೋಣ ಅಂದಾಗ ಮನೆಯಲ್ಲಿ ಎರಡು ಷರತ್ತು ಬಂದವು. ದಿನಾ ಸೂಟ್‌ಕೇಸ್ ಕಟ್ಟಿ ಬಿಚ್ಚುವ ಕೆಲಸ ಬೇಡ ಅಂತ ಅಮ್ಮ. ಆ ದೇಶದಲ್ಲಿ ರಸ್ತೆಯ ಬಲಗಡೆ ಕಾರು ಓಡಿಸೋಕೆ ನನ್ನಿಂದಾಗಲ್ಲ ಅಂತ ನಮ್ಮನೆಯವರು. ಹಾಗಾಗಿ ಅವಿನ್ಯೋನ್‌ನಲ್ಲಿ ಅಡುಗೆಮನೆ ಇರುವ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು, ಅಲ್ಲಿಂದ ಸುತ್ತಲಿನ ಊರುಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವುದು ಅಂತಾಯಿತು. ಹೋಗಿದ್ದು ಏಪ್ರಿಲ್‌ನಲ್ಲಿ. ಜುಲೈನಲ್ಲಿ ಅಲ್ಲಿ ದೊಡ್ಡ ನಾಟಕೋತ್ಸವ ಇರುತ್ತದೆ, 1947ರಿಂದ ನಡೆದುಕೊಂಡು ಬಂದಿದೆ. ಆಗ ಮನೆ ಸಿಗುವುದೂ ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ.

ಅವಿನ್ಯೋನ್ ಹಳೇ ಕೋಟೆ ಊರು. 1309ರಿಂದ 1377ರವರೆಗೆ ಪೋಪ್‌ಗಳು ರೋಮ್ ಬಿಟ್ಟು ಇಲ್ಲೇ ಇದ್ದರು. ಅವರ ಅರಮನೆ, ಊರ ಸುತ್ತಲಿನ ನಾಲ್ಕು ಕಿಲೋಮೀಟರ್‌ಗೂ ಮೀರಿದ ಗೋಡೆ, ರೋನ್ ನದಿಯಲ್ಲಿ ನಾಲ್ಕೇ ಕಮಾನು ಉಳಿದಿರುವ ಮುರಿದ ಸೇತುವೆ, ಎಲ್ಲವೂ ನಡೆದು ನೋಡುವಷ್ಟು ಹತ್ತಿರ. ನನಗೆ ಅದಕ್ಕಿಂತ ಮುಖ್ಯವಾಗಿದ್ದು ಗೋಡೆಯ ಆಚೆಗೇ ಇರುವ ಅವಿನ್ಯೋನ್ ಸೆಂಟರ್ ರೈಲು ನಿಲ್ದಾಣ ಮತ್ತು ಅದರ ಪಕ್ಕದ ಬಸ್ ಸ್ಟ್ಯಾಂಡ್. ಮನೆ ಹುಡುಕುವಾಗ ಅಲ್ಲಿಗೆ ಹತ್ತು ನಿಮಿಷದ ನಡಿಗೆ ಇರಬೇಕು ಅಂತ ಹಟ ಹಿಡಿದಿದ್ದೆ. ಪ್ಯಾರಿಸ್‌ನಿಂದ ವೇಗದ ರೈಲು ಬರುವ ಟಿಜಿವಿ ನಿಲ್ದಾಣ ಬೇರೆ, ಊರ ಹೊರಗಿದೆ. ಎರಡರ ನಡುವೆ ಐದಾರು ನಿಮಿಷದ ಷಟಲ್ ರೈಲು ಓಡುತ್ತದೆ.

ಯಾವ ದಿನ ಯಾವ ಊರು ಅನ್ನುವ ಪಟ್ಟಿಯನ್ನು ನಾನು ಶುರು ಮಾಡಿದ್ದು ವಾಪಸ್ ಬರುವ ಬಸ್ಸಿನಿಂದ. ಬೆಳಿಗ್ಗೆ ಹೋಗಲು ಏನಾದರೂ ಸಿಕ್ಕೇ ಸಿಗುತ್ತದೆ. ಸಂಜೆ ಕೊನೆಯ ಬಸ್ ಎಷ್ಟೊತ್ತಿಗೆ, ಅದಕ್ಕೂ ಮುಂಚಿನದು ಎಷ್ಟೊತ್ತಿಗೆ ಅಂತ ಮೊದಲು ಬರೆದೆ. ಮುಂಚಿನದು ನಮ್ಮದು, ಕೊನೆಯದು ಆಪತ್ತಿಗೆ. ಒಂದೇ ಬಸ್ ಇದ್ದರೆ ಆ ದಿನ ಆ ಊರು ಬೇಡ.

ಅಲ್ಲಿನ ಬಸ್ ವೇಳಾಪಟ್ಟಿ ಓದುವುದೇ ಒಂದು ವಿದ್ಯೆ. ಶಾಲೆ ನಡೆಯುವ ದಿನಗಳಿಗೆ ಒಂದು ಕಾಲಂ, ಶಾಲೆಗೆ ರಜೆ ಇರುವ ದಿನಗಳಿಗೆ ಇನ್ನೊಂದು. ವಾರದ ದಿನಗಳಿಗೆ ಒಂದೆರಡು ಅಕ್ಷರ ಮಾತ್ರ. ಅದರಲ್ಲೂ ಫ್ರೆಂಚ್‌ನಲ್ಲಿ ಮಂಗಳವಾರ, ಬುಧವಾರ ಎರಡೂ ‘ಎಂ’ನಿಂದಲೇ ಶುರು. ಇನ್ನೊಂದು ತಮಾಷೆ ನೋಡಿ. ಫ್ರಾನ್ಸ್‌ನಲ್ಲಿ ಚಳಿಗಾಲದ ಮತ್ತು ವಸಂತದ ಶಾಲಾ ರಜೆಗಳು ಮೂರು ವಲಯಗಳಿಗೆ ಬೇರೆ ಬೇರೆ ವಾರ. ಅವಿನ್ಯೋನ್ ಇರುವ ವೋಕ್ಲೂಜ್ ಜಿಲ್ಲೆ ಬಿ ವಲಯ, ರೋನ್ ದಾಟಿದರೆ ಸಿಗುವ ಗಾರ್ ಜಿಲ್ಲೆ ಸಿ ವಲಯ. ಹಾಗಾಗಿ ಇಲ್ಲಿ ರಜೆ ಇದ್ದಾಗ ಹೊಳೆಯಾಚೆ ಶಾಲೆ ನಡೀತಿರಬಹುದು. ಯಾವ ಜಿಲ್ಲೆಯ ಬಸ್ಸೋ ಆ ಕಡೆಯ ರಜೆ ನೋಡಬೇಕು. ಮೇ 1 ಬಂದರಂತೂ ಬಸ್ಸು ಬಹುತೇಕ ಇಲ್ಲ ಅಂದುಕೊಳ್ಳಿ, ಅವತ್ತು ಊರಲ್ಲೇ ಇರಿ.

ರೈಲಿನಲ್ಲಿ ಈ ತಲೆನೋವು ಕಡಿಮೆ. ಟಿಇಆರ್ ಅನ್ನುವ ಪ್ರಾದೇಶಿಕ ರೈಲಿಗೆ ಸೀಟು ಕಾದಿರಿಸಬೇಕಿಲ್ಲ, ಹೊರಡುವ ಮುಂಚೆ ಟಿಕೆಟ್ ತೊಗೊಂಡರೆ ಸಾಕು. ಮುಷ್ಕರ ಇದ್ದರೆ ಓಡುವ ರೈಲುಗಳ ಪಟ್ಟಿ ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಬರುತ್ತದೆ. ರಾತ್ರಿ ಅಡುಗೆಗೆ ಮುಂಚೆ ಅದನ್ನೊಮ್ಮೆ ನೋಡುವುದು ನನಗೆ ಅಭ್ಯಾಸವಾಗಿಹೋಯಿತು.

ನನ್ನ ಪ್ರಕಾರ ಪೋಂ ದ್ಯು ಗಾರ್ ಕಡೆಗೆ ಒಂದು ಇಡೀ ದಿನ ಕೊಡಬೇಕು. ರೋಮನ್ನರು ಒಂದನೇ ಶತಮಾನದಲ್ಲಿ ಕಟ್ಟಿದ ಮೂರು ಅಂತಸ್ತಿನ ಕಲ್ಲಿನ ಸೇತುವೆ ಇದು, ಮೇಲೆ ನೀರಿನ ಕಾಲುವೆ. ಸುಮಾರು 49 ಮೀಟರ್ ಎತ್ತರ. ಯೂಝೆಸ್ ಹತ್ತಿರದ ಒಂದು ಬುಗ್ಗೆಯ ನೀರನ್ನು ನೀಮ್ ಪಟ್ಟಣಕ್ಕೆ ಒಯ್ಯಲು ಮಾಡಿದ 50 ಕಿಲೋಮೀಟರ್ ಉದ್ದದ ಕಾಲುವೆ ಇಲ್ಲಿ ಗಾರ್ದೋನ್ ಹೊಳೆ ದಾಟುತ್ತದೆ. ಅಷ್ಟು ಉದ್ದಕ್ಕೂ ಒಟ್ಟು ಇಳಿಜಾರು ಸುಮಾರು 12 ಮೀಟರ್ ಅಷ್ಟೇ. ಪಂಪು ಇಲ್ಲ, ಮೋಟಾರು ಇಲ್ಲ, ನೀರು ತಾನೇ ಹರಿದುಕೊಂಡು ಹೋಗಬೇಕು. ಅಮ್ಮ ದಡದ ಮೇಲೆ ನಿಂತು ಮೇಲಿನಿಂದ ಕೆಳಗಿನವರೆಗೂ ನೋಡಿದರು.

“ಇಷ್ಟು ದೊಡ್ಡದು ಕಟ್ಟಿದ್ದು ಬರೀ ನೀರಿಗಾ?”

“ಹೂಂ ಅಮ್ಮ, ಬರೀ ನೀರಿಗೆ.”

“ಮತ್ತೆ, ನೀರಿಲ್ದೆ ಊರು ನಡೆಯುತ್ತಾ?” ಅಂದು ಮುಂದೆ ನಡೆದರು.

ಬಸ್ ಮುಕ್ಕಾಲು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಇಳಿಸುವುದು ರಸ್ತೆಯ ವೃತ್ತದ ಬಳಿ, ಅಲ್ಲಿಂದ ಸ್ವಲ್ಪ ನಡೆಯಬೇಕು. ಇಳಿದ ಕೂಡಲೇ ವಾಪಸ್ ಬಸ್ಸಿನ ಕಂಬ ಎಲ್ಲಿದೆ ಅಂತ ನೋಡಿ ಫೋಟೋ ಹೊಡೆದುಕೊಳ್ಳಿ. ಅದೇ ದಾರಿಯಲ್ಲಿ ಮುಂದೆ ಹೋದರೆ ಯೂಝೆಸ್. ಶನಿವಾರ ಅಲ್ಲಿ ದೊಡ್ಡ ಸಂತೆ, ಬುಧವಾರ ಚಿಕ್ಕದು. ಬೆಳಿಗ್ಗೆ ಯೂಝೆಸ್, ಮಧ್ಯಾಹ್ನ ಸೇತುವೆ ಅಂತ ಜೋಡಿಸಬಹುದು. ನಾವು ಅದಕ್ಕೆ ಬುಧವಾರ ಇಟ್ಟುಕೊಂಡೆವು, ಶನಿವಾರ ಆರ್ಲ್ ಅನ್ನುವ ಊರಿಗೆ ಬೇಕಿತ್ತು.

ನೀಮ್ ಅನ್ನು ಈ ಸೇತುವೆ ನೋಡಿದ ಮೇಲೆ ನೋಡಿದರೇ ಚೆನ್ನ. ಎಲ್ಲರೂ ಅಲ್ಲಿನ ರೋಮನ್ ಅಖಾಡಕ್ಕೂ ‘ಮೇಜೋಂ ಕಾರೇ’ ದೇವಸ್ಥಾನಕ್ಕೂ ಹೋಗುತ್ತಾರೆ. ನಾವೂ ಹೋದೆವು. ಆದರೆ ನನಗೆ ಹಿಡಿಸಿದ್ದು ಒಂದು ಸಾಮಾನ್ಯ ಬೀದಿಯ ಬದಿಯಲ್ಲಿರುವ ದುಂಡನೆಯ ಕಲ್ಲಿನ ತೊಟ್ಟಿ. ಕಾಲುವೆ ನೀರು ಬಂದು ಬೀಳುತ್ತಿದ್ದುದು ಇಲ್ಲಿಗೇ. ತೊಟ್ಟಿಯ ಒಂದು ಮಗ್ಗುಲಲ್ಲಿ ಸಾಲಾಗಿ ಹತ್ತು ತೂತು. ಅಲ್ಲಿ ಸೀಸದ ಕೊಳವೆ ಕೂರಿಸಿ ಊರಿನ ಬೇರೆ ಬೇರೆ ಕಡೆಗೆ ನೀರು ಬಿಡುತ್ತಿದ್ದರು. ನೋಡಲು ಟಿಕೆಟ್ ಇಲ್ಲ, ಜನವೂ ಇರಲಿಲ್ಲ.

ಆರ್ಲ್‌ಗೆ ರೈಲಿನಲ್ಲಿ 20 ನಿಮಿಷ. ಅಲ್ಲಿಗೆ ಶನಿವಾರವೇ ಹೋಗಬೇಕು, ಲೀಸ್ ರಸ್ತೆಯ ಉದ್ದಕ್ಕೂ ಸಂತೆ ಕೂರುತ್ತದೆ. ನಿಲ್ದಾಣದಿಂದ ಊರೊಳಗೆ ಹೋಗುವ ದಾರಿಯಲ್ಲೇ ಲಾಮಾರ್ತೀನ್ ಚೌಕ ಸಿಗುತ್ತದೆ. ಚಿತ್ರಕಾರ ವ್ಯಾನ್ ಗೋ ಇದ್ದ ಹಳದಿ ಮನೆ ಇಲ್ಲಿತ್ತು. 1944ರ ಬಾಂಬ್ ದಾಳಿಯಲ್ಲಿ ಹಾಳಾಯಿತು. ಅವನ ಚಿತ್ರದಲ್ಲಿ ಆ ಮನೆಯ ಹಿಂದೆ ಕಾಣುವ ಎತ್ತರದ ಕಟ್ಟಡ ಮಾತ್ರ ಇನ್ನೂ ಇದೆ. ಫೋನಿನಲ್ಲಿ ಚಿತ್ರ ತೆರೆದು ಪಕ್ಕದಲ್ಲಿಟ್ಟು ನೋಡಿದೆವು, ಸರಿಯಾಗಿ ಹೊಂದುತ್ತದೆ. 1888ರ ಫೆಬ್ರವರಿಯಲ್ಲಿ ಬಂದವನು ಒಂದು ವರ್ಷ ಚಿಲ್ಲರೆ ಇದ್ದು ಸುಮಾರು 300 ಚಿತ್ರ ಬಿಡಿಸಿದ. ಅವುಗಳಲ್ಲಿ ಹೆಚ್ಚಿನವು ಈಗ ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿವೆ. ಆರ್ಲ್‌ನಲ್ಲಿ ವ್ಯಾನ್ ಗೋ ಚಿತ್ರಗಳ ರಾಶಿ ಇರುತ್ತದೆ ಅಂತ ಹೋದರೆ ನಿರಾಸೆ ಆಗುತ್ತದೆ.

ಸಂತೆಯಲ್ಲಿ ಅಮ್ಮ ನಿಂತಿದ್ದು ಅಕ್ಕಿ ಅಂಗಡಿಯ ಮುಂದೆ. ಆರ್ಲ್‌ನಿಂದ ಸಮುದ್ರದವರೆಗೆ ಹಬ್ಬಿರುವ ಕಾಮಾರ್ಗ್ ಎಂಬ ಜೌಗು ಬಯಲಿನಲ್ಲಿ ಭತ್ತ ಬೆಳೆಯುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಯೆಟ್ನಾಂನಿಂದ ತಂದಿದ್ದ ಕೆಲಸಗಾರರ ಕೈಯಿಂದ ಅಲ್ಲಿ ಭತ್ತದ ಬೇಸಾಯ ಮತ್ತೆ ಚಿಗುರಿತು. ಗದ್ದೆಗೆ ಸಿಹಿನೀರು ಕಟ್ಟಿ ನಿಲ್ಲಿಸಿದರೆ ಮಣ್ಣಿನ ಉಪ್ಪೂ ಕೆಳಗಿಳಿಯುತ್ತದೆ. ಅಮ್ಮ ಕೆಂಪಕ್ಕಿಯ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, “ನಮ್ಮ ಕಡೆ ಕೆಂಪಕ್ಕಿ ಹಾಗೇ ಇದೆ, ಸ್ವಲ್ಪ ಉದ್ದ” ಅಂದರು. ಅರ್ಧ ಕೆಜಿ ತಂದೆವು. ಬೇಯಲು ಸಿಕ್ಕಾಪಟ್ಟೆ ಹೊತ್ತು ಬೇಕು. ಊರಿಂದ ಒಯ್ದ ಸಾರಿನ ಪುಡಿಗೆ ಒಳ್ಳೇ ಜೊತೆ ಆಯಿತು.

ಊಟದ ವಿಷಯ ಬಂತಲ್ಲ, ಅಲ್ಲಿ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2. ಎರಡೂವರೆಗೆ ಹೋದರೆ ಅಡುಗೆಮನೆ ಬಂದ್. ಸಸ್ಯಾಹಾರಿಗಳು ಸಲಾಡ್‌ಗೂ ಸುಮ್ನೆ ಹೂಂ ಅನ್ನಬೇಡಿ, ಹಂದಿಮಾಂಸದ ಚೂರು ಹಾಕಿರುತ್ತಾರೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ನಾವು ಹೆಚ್ಚಿನ ದಿನ ಬ್ರೆಡ್ಡು, ಚೀಸು, ಟೊಮೆಟೊ ಕಟ್ಟಿಕೊಂಡೇ ಹೋದೆವು.

ಭಾನುವಾರ ಲೀಲ್-ಸುರ್-ಲಾ-ಸೋರ್ಗ್‌ಗೆ. ರೈಲಿನಲ್ಲಿ ಅರ್ಧ ಗಂಟೆ. ಊರ ತುಂಬ ಕಾಲುವೆ, ಪಾಚಿ ಕಟ್ಟಿದ ನೀರುಚಕ್ರಗಳು, ದಡದುದ್ದಕ್ಕೂ ಹಳೇ ಸಾಮಾನಿನ ಸಂತೆ. ನಿಲ್ದಾಣದ ಹಲಗೆಯಲ್ಲಿ ಫೋಂತೇನ್-ದ-ವೋಕ್ಲೂಜ್ ಅಂತಲೂ ಬರೆದಿದೆ. ನಂಬಬೇಡಿ, ಆ ಹಳ್ಳಿ ಅಲ್ಲಿಂದ ಇನ್ನೂ ಏಳು ಕಿಲೋಮೀಟರ್ ದೂರ. ಸೋರ್ಗ್ ಹೊಳೆ ಹುಟ್ಟುವ ಆ ಬುಗ್ಗೆಯನ್ನು ನೋಡುವುದಾದರೆ ವಸಂತದಲ್ಲೇ ನೋಡಬೇಕು. ಬೇಸಿಗೆಯ ಕೊನೆಗೆ ನೀರು ಬಂಡೆಯ ಬುಡಕ್ಕೆ ಇಳಿದುಬಿಡುತ್ತದೆ.

ಒರಾಂಜ್‌ಗೆ ಅರ್ಧ ದಿನ ಸಾಕು. 103 ಮೀಟರ್ ಉದ್ದ, 37 ಮೀಟರ್ ಎತ್ತರದ ರೋಮನ್ ರಂಗಮಂದಿರದ ಗೋಡೆ ನೋಡಿ ಊಟಕ್ಕೆ ವಾಪಸ್ ಬರಬಹುದು.

ಇಷ್ಟೆಲ್ಲ ಜೋಡಿಸಿದರೂ ಒಂದು ದಿನ ಖಾಲಿ ಬಿಡಬೇಕು, ಮಿಸ್ತ್ರಾಲ್ ಗಾಳಿಗೆ. ಉತ್ತರದಿಂದ ರೋನ್ ಕಣಿವೆ ಹಿಡಿದು ಬರುತ್ತದೆ. ಆಕಾಶ ತಿಳಿಯಾಗಿ ಬಿಸಿಲು ಹೊಡೆಯುತ್ತಿರುತ್ತದೆ, ಹೊರಗೆ ಕಾಲಿಟ್ಟರೆ ಕಿವಿ ಹಿಡಿದುಕೊಳ್ಳುವ ಚಳಿ. ಅಂಥ ದಿನ ಹೊಳೆದಂಡೆ ಬೇಡ, ಪೋಪ್‌ಗಳ ಅರಮನೆಯ ಒಳಗೆ ಇರಿ.

ಗೋರ್ಡ್ ಹಳ್ಳಿ, ಸೆನಾಂಕ್ ಮಠ, ಲ್ಯಾವೆಂಡರ್ ಹೊಲಗಳನ್ನು ಬಿಟ್ಟೆವು. ಆ ಕಡೆ ಬಸ್ಸು ವಿರಳ. ಹೂವು ಬಿಡುವುದೂ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ, ಏಪ್ರಿಲ್‌ನಲ್ಲಿ ಬೂದು ಬಣ್ಣದ ಪೊದೆ ಅಷ್ಟೇ. ಹೂವಿನ ಕಾಲದಲ್ಲಿ ಹೋಗುವವರು ಅವಿನ್ಯೋನ್‌ನಿಂದಲೇ ಹೊರಡುವ ಅರ್ಧ ದಿನದ ವ್ಯಾನ್ ಟೂರ್ ಹಿಡಿಯಬಹುದು.