ಚೆಂಡು ನೋಡುವುದನ್ನು ಬಿಟ್ಟ ಮೇಲೆ

ಬ್ಯಾಸ್ಕೆಟ್‌ಬಾಲ್ ಆಡುವ ಕಾಲದಲ್ಲಿ ನಾನು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ನಡೆಸುವವಳು. ಚೆಂಡು ಜಾಸ್ತಿ ಹೊತ್ತು ನನ್ನ ಕೈಯಲ್ಲೇ ಇರುತ್ತಿತ್ತು. ಹುಡುಗಿಯರ ತಂಡದ ಕೋಚ್ ಆದ ಮೇಲೂ ಕಣ್ಣು ಅದರ ಹಿಂದೆಯೇ ಓಡುತ್ತಿತ್ತು. ಆ ಚಾಳಿ ಬಿಡಲು ನನಗೆ ವರ್ಷಗಳೇ ಹಿಡಿದವು.

ಶುರುವಿನಲ್ಲಿ ಕೋಚಿಂಗ್ ಅಂದರೆ ಅರ್ಧ ಸ್ಟೋರ್ ರೂಮಿನ ಕೆಲಸ. ಗಾಳಿ ತುಂಬು, ಜೆರ್ಸಿ ಎಣಿಸು, ಐಸ್ ತಾ. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1,098 ಪಂದ್ಯ ಗೆಲ್ಲಿಸಿದ ಪ್ಯಾಟ್ ಸಮಿಟ್ ಕೂಡ 1974ರಲ್ಲಿ, 22ರ ವಯಸ್ಸಿನಲ್ಲಿ ಶುರು ಮಾಡಿದಾಗ ಆಟಗಾರ್ತಿಯರ ಬಟ್ಟೆ ಒಗೆದು, ವ್ಯಾನ್ ಓಡಿಸಿದವರೇ. ಅದನ್ನು ಓದಿ ನನಗೂ ಸ್ವಲ್ಪ ಸಮಾಧಾನವಾಗಿತ್ತು.

ನಮ್ಮ ಸ್ಟೋರ್ ರೂಮಿನಲ್ಲಿ ಇದ್ದದ್ದೆಲ್ಲ ಹುಡುಗರು ಬಿಟ್ಟುಹೋದ 7ನೇ ಸೈಜಿನ ಚೆಂಡುಗಳು. ಹೆಂಗಸರ ಪಂದ್ಯಕ್ಕೆ 6ನೇ ಸೈಜ್. ಸುತ್ತಳತೆಯಲ್ಲಿ ಒಂದಿಂಚು ಕಡಿಮೆ, ತೂಕವೂ ಕಡಿಮೆ. ದಿನಾ ದೊಡ್ಡದರಲ್ಲಿ ಆಡಿ ಪಂದ್ಯದ ದಿನ ಚಿಕ್ಕದು ಹಿಡಿದರೆ ಏನಾಗುತ್ತೆ? ಶಾಟ್‌ಗಳೆಲ್ಲ ರಿಂಗ್ ದಾಟಿ ಹಿಂದಕ್ಕೆ ಬೀಳುತ್ತಿದ್ದವು. ನಾನು ಸುಮ್ನೆ ಹುಡುಗಿಯರ ಮೇಲೆ ರೇಗುತ್ತಿದ್ದೆ.

ಕಣ್ಣು ತೆರೆಸಿದ್ದು ಒಂದು ಮೊಣಕಾಲು. ನಮ್ಮ ಫಾರ್ವರ್ಡ್ ಒಬ್ಬಳು ರಿಂಗಿಗೆ ಬಡಿದು ವಾಪಸ್ ಬರುವ ಚೆಂಡಿಗೆ, ಅಂದರೆ ರಿಬೌಂಡ್‌ಗೆ, ಹಾರಿ ಒಂದೇ ಕಾಲ ಮೇಲೆ ಇಳಿದಳು. ಮಂಡಿ ಒಳಕ್ಕೆ ವಾಲಿತು. ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿತ್ತು. ಅವಳು ನೆಲದ ಮೇಲೆ ಬಿದ್ದ ಮೇಲಷ್ಟೇ ನಾನು ನೋಡಿದ್ದು. ಅಲ್ಲಿಯವರೆಗೆ ನನ್ನ ಕಣ್ಣು ಚೆಂಡಿನ ಮೇಲಿತ್ತು. ರಾತ್ರಿ ಫೋನಿನಲ್ಲಿ ವಿಡಿಯೊ ಹಾಕಿದೆ. ಅದೇ ಪಂದ್ಯದಲ್ಲಿ ಅದಕ್ಕೂ ಮೊದಲು ಮೂರು ಸಲ ಅವಳು ಹಾಗೇ ಇಳಿದಿದ್ದಳು.

ಹಾರಿ ತಿರುಗುವ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೇ ಜಾಸ್ತಿ. ಇಳಿಯುವುದನ್ನು ಕಲಿಸಿದರೆ ಕಡಿಮೆಯಾಗುತ್ತದೆ. ಆಗಿನಿಂದ ವಾರ್ಮ್ ಅಪ್ ಬದಲಾಯಿತು. ಒಂದಡಿ ಎತ್ತರದ ಪೆಟ್ಟಿಗೆಯಿಂದ ಜಿಗಿಯಬೇಕು, ಎರಡೂ ಕಾಲಲ್ಲಿ ಇಳಿಯಬೇಕು, ಮಂಡಿ ಮಂಡಿ ಹತ್ತಿರ ಬರಬಾರದು. ಮೊದಲ ಸುತ್ತಿನಲ್ಲಿ ಮಂಡಿ ನೋಡುತ್ತೇನೆ. ಎರಡನೇ ಸುತ್ತಿಗೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ‘ದಪ್’ ಅಂತ ಕೇಳಿಸಿತೋ, ಮತ್ತೊಮ್ಮೆ. ಹೊಸಬರಿಗೆ ನಗು ಬರುತ್ತದೆ. ಎರಡು ವಾರದಲ್ಲಿ ಯಾರು ಇಳಿದರು ಅಂತ ಸದ್ದಿನಲ್ಲೇ ಹೇಳಬಲ್ಲೆ.

ಆಟ ನಿಲ್ಲಿಸಿ ತಂಡದ ಜೊತೆ ಮಾತಾಡುವ ಟೈಮ್ ಔಟ್ ಕಥೆ ಬೇರೆ. ಇರುವುದೇ ಒಂದು ನಿಮಿಷ. ಕೂತು ನೀರು ಕುಡಿಯುವಷ್ಟರಲ್ಲಿ ಇಪ್ಪತ್ತು ಸೆಕೆಂಡ್ ಹೋಗಿರುತ್ತದೆ. ಉಳಿದದ್ದರಲ್ಲಿ ನಾನು ಐದಾರು ವಿಷಯ ತುರುಕುತ್ತಿದ್ದೆ. ಒಮ್ಮೆ ಪಂದ್ಯ ಮುಗಿದ ಮೇಲೆ, “ನಾನು ಏನು ಹೇಳಿದೆ?” ಅಂತ ಕೇಳಿದೆ. ಒಬ್ಬಳು ಯೋಚಿಸಿ, “ಬಾಲ್ ನೋಡಿ ಅಂದ್ರಿ ಮ್ಯಾಮ್” ಅಂದಳು. ಉಳಿದವರು ತಲೆ ತಗ್ಗಿಸಿದರು. ಈಗ ಒಂದೇ ಮಾತು ಹೇಳುತ್ತೇನೆ, ಅದೂ ಚೆಂಡು ಇಲ್ಲದವಳ ಬಗ್ಗೆ.

ಮಂಡಿ ಆಪರೇಷನ್ ಆದ ಹುಡುಗಿ ತಿಂಗಳುಗಟ್ಟಲೆ ಬೆಂಚಿನಲ್ಲೇ ಕೂತಳು. ಒಂದು ಪಂದ್ಯದಲ್ಲಿ ಸ್ಕೋರ್ ಸಮ, ಉಳಿದದ್ದು ಅರ್ಧ ನಿಮಿಷ. ಟೈಮ್ ಔಟ್ ತೆಗೆದುಕೊಂಡು ಅವಳ ಕಡೆ ತಿರುಗಿ, “ನಿನಗೇನು ಕಾಣ್ತಿದೆ?” ಅಂದೆ. “ಅವರ ಎಂಟನೇ ನಂಬರ್ ಬಲಕ್ಕೆ ಮಾತ್ರ ಹೋಗ್ತಾಳೆ ಮ್ಯಾಮ್. ಎಡಗೈ ಬರಲ್ಲ.” ಬಲಗಡೆ ಮುಚ್ಚಿದೆವು. ಅವಳು ಎಡಕ್ಕೆ ತಿರುಗಿದಳು, ಚೆಂಡು ಜಾರಿತು. ಆದರೂ ಕೊನೆಗೆ ಒಂದು ಪಾಯಿಂಟಿನಲ್ಲಿ ಸೋತೆವು. ಜಾರಿದ ಚೆಂಡಿಗೆ ಮುಗಿಬಿದ್ದು ನಾವೇ ಫೌಲ್ ಮಾಡಿ ಅವರಿಗೆ ಫ್ರೀ ಥ್ರೋ, ಅಂದರೆ ಅಡ್ಡಿಯಿಲ್ಲದೆ ಎಸೆಯುವ ಅವಕಾಶ, ಕೊಟ್ಟಿದ್ದೆವು.

ಮಾರನೇ ದಿನ, “ಅಸಿಸ್ಟೆಂಟ್ ಆಗ್ತೀಯಾ?” ಅಂತ ಅವಳನ್ನು ಕೇಳಿದೆ.

“ಸಂಬಳ ಎಷ್ಟು ಮ್ಯಾಮ್?” ಅಂದಳು.