ಸಂಘಕ್ಕೆ ಮೂರು ವರ್ಷದ ಯೋಜನೆ ಮಾಡೋದು ಹೇಗೆ?

ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಿಂದ ಇದೆ. ಉಪನಗರಗಳಲ್ಲಂತೂ ಸಣ್ಣ ಸಣ್ಣ ಸಂಘಗಳು ಬೇಕಾದಷ್ಟಿವೆ. ಆದರೆ ಒಂದು ವಾರ್ಷಿಕೋತ್ಸವ ಮುಗಿಸಿ ಇನ್ನೊಂದರ ತಯಾರಿಗೆ ಓಡುವುದರಲ್ಲೇ ಎಷ್ಟೋ ಸಮಿತಿಗಳ ಅವಧಿ ಮುಗಿದುಹೋಗುತ್ತದೆ.

ಮೊದಲು ಎರಡು ಕಾಗದ ತೆಗೆಯಿರಿ. ಒಂದು ಸಂಘದ ಬೈಲಾ, ಅಂದರೆ ನಿಯಮಾವಳಿ, ಇನ್ನೊಂದು ಹಿಂದಿನ ಮೂರು ವರ್ಷದ ಜಮಾ-ಖರ್ಚು. ಬೈಲಾದಲ್ಲಿ ಶಿಕ್ಷಣ, ಬಡ ಮಕ್ಕಳಿಗೆ ನೆರವು ಅಂತ ಬರೆದಿರುತ್ತದೆ, ಲೆಕ್ಕದಲ್ಲಿ ನೋಡಿದರೆ ಹಾಲ್ ಬಾಡಿಗೆ, ಮೈಕ್, ಶಾಲು-ಹಾರ, ಊಟ ಇವೇ ಜಾಸ್ತಿ. ಖಜಾಂಚಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಜೊತೆಗಿಟ್ಟು ಓದಿ. ಏನು ಬದಲಾಗಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಜನರನ್ನು ಕೇಳಿ. ಸಮಿತಿಯವರನ್ನಲ್ಲ, ಸಭೆಗೆ ಬರದವರನ್ನು. ಹೋಟೆಲ್ ಹುಡುಗರು, ಕೆಲಸಕ್ಕೆ ಅಂತ ಹೊಸದಾಗಿ ಬಂದವರು, ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದ ಮಕ್ಕಳ ತಾಯಂದಿರು. ಅವರ ಬಿಡುವಿನ ಹೊತ್ತಿಗೆ ನೀವೇ ಹೋಗಬೇಕು. ಹಗಲು ದುಡಿಯುವ ಹುಡುಗರೂ ಓದಲಿ ಅಂತ ಈ ಊರಿನ ಕನ್ನಡಿಗರು ಹಿಂದೆ ರಾತ್ರಿಶಾಲೆ ನಡೆಸಿದರಲ್ಲ, ಜನರ ಸಮಯ ನೋಡಿ ಕೆಲಸ ಹಾಕಿಕೊಳ್ಳುವುದು ಅಂದರೆ ಅದೇ.

ಈಗ ಕಷ್ಟದ ಭಾಗ. ಎರಡೇ ಕೆಲಸ ಆರಿಸಿ, ಉಳಿದದ್ದನ್ನು ಬಿಡಿ. ಬಿಡುವಾಗ ಹಿರಿಯರಿಗೆ ಬೇಜಾರಾಗುತ್ತದೆ, ಹಾಗಾಗಿ ಮೊದಲೇ ಮನೆಗೆ ಹೋಗಿ ಮಾತಾಡಿ, ಮಹಾಸಭೆಯಲ್ಲಿ ಏಕಾಏಕಿ ಹೇಳಬೇಡಿ. ‘ಕನ್ನಡ ಬೆಳೆಸುವುದು’ ಅಂತ ಬರೆದರೆ ಅದು ಗುರಿಯಲ್ಲ. ‘ಒಂದು ವರ್ಷದಲ್ಲಿ 25 ಮಕ್ಕಳು ಒಂದು ಕಥೆಯನ್ನು ತಾವೇ ಓದಬೇಕು’ ಅಂತ ಬರೆಯಿರಿ. ಯಾರು ಕಲಿಸುತ್ತಾರೆ, ಯಾವ ಶಾಲೆಯ ಕೋಣೆ ಸಿಗುತ್ತದೆ, ಆ ಟೀಚರ್ ಬರದ ದಿನ ಇನ್ಯಾರು, ಎಲ್ಲಕ್ಕೂ ಹೆಸರು ಬೇಕು. ಮೇ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ, ಜುಲೈ ಮಳೆಗೆ ಲೋಕಲ್ ರೈಲು ಯಾವಾಗ ನಿಲ್ಲುತ್ತದೋ ಹೇಳೋಕಾಗಲ್ಲ, ಅದಕ್ಕೆ ಆ ತಿಂಗಳುಗಳಲ್ಲಿ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.

ದುಡ್ಡಿನ ವಿಷಯ. ಒಬ್ಬರೇ ದಾನಿಯನ್ನು ನಂಬಿ ಮೂರು ವರ್ಷದ ಯೋಜನೆ ಬರೆಯಬೇಡಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್ಆರ್ ಹಣ ಬೇಕಿದ್ದರೆ ಸಂಘಕ್ಕೆ ಸಿಎಸ್ಆರ್-1 ಅನ್ನೋ ಸರ್ಕಾರಿ ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಆ ನಿಯಮ ಇದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆಯ ಅವಧಿ ಯಾವಾಗ ಮುಗಿಯುತ್ತದೆ ಅಂತ ಸಿಎ ಹತ್ತಿರ ಕೇಳಿಟ್ಟುಕೊಳ್ಳಿ. ಸಂಘದ ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಟ್ರಸ್ಟ್‌ಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಕೊಡಬೇಕು. ಇದನ್ನು ಸುಮ್ನೆ ಮುಂದೂಡುತ್ತಾ ಹೋದರೆ ಮುಂದೆ ಬ್ಯಾಂಕಿನಲ್ಲಿ ಸಹಿ ಬದಲಿಸಲೂ ತೊಂದರೆಯಾಗಬಹುದು.

ಯೋಜನೆ ಎರಡು ಪುಟ ದಾಟದಿರಲಿ. ಮೂರು ತಿಂಗಳಿಗೊಮ್ಮೆ ಸಮಿತಿ ಸಭೆಯಲ್ಲಿ ಅದನ್ನೇ ಮೊದಲು ಓದಿ, ಆಗದ ಕೆಲಸದ ಮುಂದೆ ಕಾರಣ ಬರೆಯಿರಿ. ಒಂದು ಪ್ರತಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿಡಿ, ಚುನಾವಣೆ ಮುಗಿದು ಬರುವ ಹೊಸ ಸಮಿತಿಗೆ ಅದು ಕೈಗೆ ಸಿಗಬೇಕು.