ಬೇರೆ ದೇಶದಲ್ಲಿ ದಂತವೈದ್ಯರಾಗಬೇಕೇ? ಪುಸ್ತಕಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ

ಹತ್ತು ವರ್ಷ ರೂಟ್ ಕೆನಾಲ್ ಮಾಡಿ, ಕ್ರೌನ್ ಕೂರಿಸಿ, ಅಳುವ ಮಕ್ಕಳನ್ನು ಸಮಾಧಾನ ಮಾಡಿ ಹಲ್ಲು ಕಿತ್ತ ಕೈ. ಬೇರೆ ದೇಶಕ್ಕೆ ಹೋದ ದಿನದಿಂದ ಆ ಕೈಗೆ ಕೆಲಸವಿಲ್ಲ. ಲೈಸೆನ್ಸ್ ಇಲ್ಲದೆ ಒಂದು ಸಣ್ಣ ಫಿಲ್ಲಿಂಗ್ ಮಾಡಿದರೂ ಅಲ್ಲಿ ಅದು ಕಾನೂನಿಗೆ ವಿರುದ್ಧ. ಇದನ್ನು ಅವಮಾನ ಅಂತ ಮನಸ್ಸಿಗೆ ಹಚ್ಚಿಕೊಂಡು ಒಂದೆರಡು ವರ್ಷ ಸುಮ್ನೆ ಕಳೆದವರನ್ನು ಹತ್ತಿರದಿಂದ ನೋಡಿದ್ದೇನೆ. ನೋಡಿ ತುಂಬಾ ಬೇಜಾರಾಗಿದೆ, ಯಾಕೆಂದರೆ ಅವರಲ್ಲಿ ಬಹಳಷ್ಟು ಜನ ಒಳ್ಳೆಯ ಡಾಕ್ಟರುಗಳು.

ಜ್ಞಾನ ಸಾಲದೆ ಸೋಲುವವರು ಕಮ್ಮಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿ ವರ್ಷಗಟ್ಟಲೆ ಕಳೆದುಕೊಳ್ಳುವವರೇ ಜಾಸ್ತಿ. ಹಾಗಾಗಿ ಕೆಲಸ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ದೇಶ, ದಾರಿ ಎರಡೂ ಗಟ್ಟಿಯಾಗಲಿ

ಹೆಚ್ಚಿನ ಕಡೆ ಸಿಗುವ ದಾರಿ ಎರಡು ಬಗೆಯದು. ಒಂದು, ಪರೀಕ್ಷೆ ಬರೆದು ನಿಮ್ಮ ಹಳೆಯ ಡಿಗ್ರಿ ಅಲ್ಲಿನ ಡಿಗ್ರಿಗೆ ಸಮ ಅಂತ ತೋರಿಸುವುದು. ಇನ್ನೊಂದು, ಮತ್ತೆ ಕಾಲೇಜಿಗೆ ಸೇರಿ ಅಲ್ಲಿನ ಡಿಗ್ರಿಯನ್ನೇ ಪಡೆಯುವುದು. ನೀವು ಹೋಗುವ ದೇಶ ಯಾವುದನ್ನು ಒಪ್ಪುತ್ತದೆ ಅನ್ನುವುದು ಗೊತ್ತಾಗದೆ ಒಂದು ಪುಸ್ತಕವನ್ನೂ ಕೊಳ್ಳಬೇಡಿ.

ಅಮೆರಿಕದ ವಿಷಯದಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ಅಲ್ಲಿ ಐಎನ್‌ಬಿಡಿಇ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಇದೆ. 500 ಪ್ರಶ್ನೆ, ಎರಡು ದಿನ, ಫಲಿತಾಂಶ ಬರೀ ಪಾಸ್ ಅಥವಾ ಫೇಲ್. 2020ರಲ್ಲಿ ಶುರುವಾದ ಈ ಪರೀಕ್ಷೆ ಹಳೆಯ ಎರಡು ಭಾಗಗಳ ಪರೀಕ್ಷೆಯ ಜಾಗಕ್ಕೆ ಬಂತು. ಇದು ಪಾಸಾದರೆ ಲೈಸೆನ್ಸ್ ಬಂದ ಹಾಗೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್, ಮತ್ತು ಹೆಚ್ಚಿನ ರಾಜ್ಯಗಳು ಅಲ್ಲಿ ಮಾನ್ಯತೆ ಪಡೆದ ಕಾಲೇಜಿನ ಡಿಗ್ರಿಯನ್ನು ಕೇಳುತ್ತವೆ. ಅದಕ್ಕೇ ಬಹಳಷ್ಟು ಜನ 'ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್', ಅಂದರೆ ಹೊರದೇಶದಲ್ಲಿ ಓದಿ ಬಂದ ದಂತವೈದ್ಯರಿಗಾಗಿ ಇರುವ ಕೋರ್ಸಿಗೆ ಸೇರುತ್ತಾರೆ. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಓದು, ಕೊನೆಗೆ ಡಿಡಿಎಸ್ ಅಥವಾ ಡಿಎಂಡಿ ಡಿಗ್ರಿ. ಹೆಸರು ಎರಡು, ಬೆಲೆ ಒಂದೇ. ಹೆಚ್ಚಿನ ಕಾಲೇಜುಗಳಿಗೆ ಕಾಪಿಡ್ ಅನ್ನುವ ಒಂದೇ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಕೋರ್ಸ್ ಮುಗಿದ ಮೇಲೆ ರಾಜ್ಯ ಕೇಳುವ ಕ್ಲಿನಿಕಲ್ ಪರೀಕ್ಷೆ, ಆಮೇಲೆ ಲೈಸೆನ್ಸ್.

ಕೆನಡಾದಲ್ಲಿ ಪರೀಕ್ಷೆಯ ದಾರಿಯಲ್ಲೇ ಕೊನೆ ಮುಟ್ಟಬಹುದು. ಮೊದಲು ಎಎಫ್‌ಕೆ, ಅಂದರೆ ಮೂಲ ಜ್ಞಾನದ ಪರೀಕ್ಷೆ. ಆಮೇಲೆ ಎಸಿಜೆ, ಅಲ್ಲಿ ಎಕ್ಸ್‌ರೇ ಮತ್ತು ಕೇಸ್‌ಗಳನ್ನು ಕೊಟ್ಟು ನಿಮ್ಮ ತೀರ್ಮಾನ ಕೇಳುತ್ತಾರೆ. ಅದು ದಾಟಿದರೆ ಕೈಕೆಲಸದ ಎನ್‌ಡಿಇಸಿಸಿ. ಕೊನೆಗೆ ಅಲ್ಲೇ ಓದಿದವರೂ ಬರೆಯುವ ವರ್ಚುವಲ್ ಓಸ್ಕಿ, ಅಂದರೆ ಕಂಪ್ಯೂಟರಿನಲ್ಲಿ ಬರೆಯುವ ಕ್ಲಿನಿಕಲ್ ಪರೀಕ್ಷೆ. ಇಷ್ಟೂ ಆದ ಮೇಲೆ ಪ್ರಾಂತ್ಯದ ನಿಯಂತ್ರಕರ ಹತ್ತಿರ ನೋಂದಣಿ.

ಆಸ್ಟ್ರೇಲಿಯಾದ್ದು ನನಗೆ ಎಲ್ಲಕ್ಕಿಂತ ನೇರ ಅನ್ನಿಸುತ್ತದೆ. ಆಸ್ಟ್ರೇಲಿಯನ್ ಡೆಂಟಲ್ ಕೌನ್ಸಿಲ್ ಮೊದಲು ಕಾಗದಪತ್ರ ನೋಡುತ್ತದೆ, ಆಮೇಲೆ ಲಿಖಿತ ಪರೀಕ್ಷೆ, ಆಮೇಲೆ ಮೆಲ್ಬರ್ನ್‌ನಲ್ಲಿ ಪ್ರಾಕ್ಟಿಕಲ್. ಅಲ್ಲಿ ನೋಂದಣಿ ಸಿಕ್ಕರೆ ನ್ಯೂಜಿಲೆಂಡ್‌ನ ಬಾಗಿಲೂ ಸುಲಭವಾಗಿ ತೆರೆಯುತ್ತದೆ, ಎರಡು ದೇಶಗಳ ನಡುವೆ ಪರಸ್ಪರ ಮಾನ್ಯತೆಯ ಒಪ್ಪಂದವಿದೆ.

ಬ್ರಿಟನ್‌ನಲ್ಲಿ ಒಆರ್‌ಇ ಅನ್ನುವ ಎರಡು ಭಾಗದ ಪರೀಕ್ಷೆ, ಇಲ್ಲವೇ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ನಡೆಸುವ ಎಲ್‌ಡಿಎಸ್. ಇಲ್ಲಿನ ದೊಡ್ಡ ಕಷ್ಟ ಸೀಟಿನದು. ಎಲ್ಲ ತಯಾರಿ ಮುಗಿಸಿಕೊಂಡು ಪರೀಕ್ಷೆಯ ದಿನಾಂಕಕ್ಕಾಗಿ ಕಾಯುತ್ತಾ ಕೂರುವುದು ಇಲ್ಲಿ ಮಾಮೂಲು, ಆ ಕಾಯುವ ಕಾಲಕ್ಕೂ ಮನೆ ಖರ್ಚಿನ ಲೆಕ್ಕ ಹಾಕಿಟ್ಟುಕೊಳ್ಳಿ. ಜರ್ಮನಿಯಲ್ಲಿ ಭಾಷೆಯೇ ಅರ್ಧ ದಾರಿ. ಗಲ್ಫ್ ದೇಶಗಳಲ್ಲಿ ದಾಖಲೆಗಳ ತಪಾಸಣೆ, ಕಂಪ್ಯೂಟರ್ ಪರೀಕ್ಷೆ, ಕೆಲಸದ ಅನುಭವ, ಇವೇ ಮುಖ್ಯ.

ಕಾಗದಪತ್ರ ಇವತ್ತೇ ಶುರು ಮಾಡಿ

ಈ ಕೆಲಸವನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಡಿಗ್ರಿ, ಎಲ್ಲ ವರ್ಷದ ಅಂಕಪಟ್ಟಿ, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ನಿಮ್ಮ ಡೆಂಟಲ್ ಕೌನ್ಸಿಲ್ ನೋಂದಣಿ, ಕೆಲಸ ಮಾಡಿದ ಕಡೆಯಿಂದ ಅನುಭವ ಪತ್ರ, ಇವು ಹೆಚ್ಚಿನ ದೇಶಗಳು ಕೇಳುವಂಥವು. ಅಂಕಪಟ್ಟಿಯನ್ನು ಎಷ್ಟೋ ಸಲ ನಿಮ್ಮ ಕೈಯಿಂದ ತೆಗೆದುಕೊಳ್ಳುವುದಿಲ್ಲ, ವಿಶ್ವವಿದ್ಯಾಲಯವೇ ಸೀಲ್ ಮಾಡಿ ನೇರವಾಗಿ ಕಳಿಸಬೇಕು. ಊರು ಬಿಟ್ಟ ಮೇಲೆ ಫೋನಿನಲ್ಲಿ ಈ ಕೆಲಸ ಮಾಡಿಸುವುದು ಎಂಥ ಕಷ್ಟ ಅಂತ ಮಾಡಿಸಿದವರಿಗೇ ಗೊತ್ತು. ಹೊರಡುವ ಮೊದಲೇ ಮುಗಿಸಿ.

ಹೆಸರಿನ ಕಡೆ ಒಂದು ಕಣ್ಣಿರಲಿ. ಡಿಗ್ರಿಯಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ನನ್ನ ಪರಿಚಯದ ಡಾಕ್ಟರ್ ಒಬ್ಬರ ಫೈಲು ಇಷ್ಟಕ್ಕೇ ಐದು ತಿಂಗಳು ನಿಂತುಹೋಯಿತು, ಅಷ್ಟರಲ್ಲಿ ಪರೀಕ್ಷೆಯ ಅರ್ಜಿ ಹಾಕುವ ಗಡುವೂ ಮುಗಿದಿತ್ತು. ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಮದುವೆ ಪ್ರಮಾಣಪತ್ರವನ್ನೋ ಅಫಿಡವಿಟ್ಟನ್ನೋ ಈಗಲೇ ಮಾಡಿಸಿಟ್ಟುಕೊಳ್ಳಿ.

ಒಂದು ದಾಖಲೆಯನ್ನು ಮಾತ್ರ ಬೇಗ ತರಿಸಬೇಡಿ. ಅದು 'ಗುಡ್ ಸ್ಟ್ಯಾಂಡಿಂಗ್' ಪ್ರಮಾಣಪತ್ರ, ಅಂದರೆ ನಿಮ್ಮ ಮೇಲೆ ಶಿಸ್ತುಕ್ರಮ ಏನೂ ಇಲ್ಲ ಅಂತ ನಿಮ್ಮ ಕೌನ್ಸಿಲ್ ಕೊಡುವ ಪತ್ರ. ಇದರ ಆಯುಸ್ಸು ಕೆಲವೇ ತಿಂಗಳು. ಅರ್ಜಿ ಹಾಕುವ ಹೊತ್ತಿಗೆ ಹೊಸದಾಗಿ ತರಿಸಿ. ಅದು ಸಿಗಬೇಕಾದರೆ ಹಳೆಯ ನೋಂದಣಿ ಜೀವಂತ ಇರಬೇಕು, ಆದ್ದರಿಂದ ದೇಶ ಬಿಟ್ಟೆವಲ್ಲ ಅಂತ ರಿನ್ಯೂವಲ್ ನಿಲ್ಲಿಸಬೇಡಿ.

ಭಾಷೆ

ಬ್ರಿಟನ್ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಮ್ಮಿ ಇರಬಾರದು ಅನ್ನುತ್ತದೆ. ಜರ್ಮನಿಯಲ್ಲಿ ಸಾಮಾನ್ಯ ಜರ್ಮನ್ ಕಲಿತ ಮೇಲೆ ರೋಗಿಯ ಜೊತೆ ಮಾತಾಡುವ ವೈದ್ಯಕೀಯ ಭಾಷಾ ಪರೀಕ್ಷೆ ಬೇರೆ ಇರುತ್ತದೆ. ಒಳ್ಳೆಯ ಇಂಗ್ಲಿಷ್ ಇರುವವರೂ ಬರವಣಿಗೆಯಲ್ಲಿ ಅರ್ಧ ಅಂಕಕ್ಕೆ ಸಿಕ್ಕಿಬೀಳುತ್ತಾರೆ, ಅಭ್ಯಾಸ ಮಾಡದೆ ಹೋಗಬೇಡಿ. ಈ ಅಂಕಗಳಿಗೂ ಅವಧಿ ಇರುತ್ತದೆ. ಅರ್ಜಿಯ ದಿನಾಂಕ ನೋಡಿಕೊಂಡು ಬರೆಯಿರಿ.

ಕೈ ಪಳಗಿಸುವುದು

ಲಿಖಿತ ಪರೀಕ್ಷೆಗೆ ಹೇಗೆ ಓದಬೇಕು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ದಿನಕ್ಕಿಷ್ಟು ಪ್ರಶ್ನೆ ಅಂತ ಬಿಡಿಸಿ, ಆ ದೇಶದ ಆ್ಯಂಟಿಬಯಾಟಿಕ್ ನಿಯಮ, ರೋಗಿಯ ಒಪ್ಪಿಗೆ, ದಾಖಲೆ ಇಡುವ ಕ್ರಮ, ಇಂಥವನ್ನು ಬಿಡದೆ ಓದಿ. ಅನುಭವಸ್ಥರು ಎಡವುವುದು ಇಂಥ ಕಡೆಯೇ, ಯಾಕೆಂದರೆ ಹತ್ತು ವರ್ಷದ ಅಭ್ಯಾಸ ಕೈಹಿಡಿದು ಹಳೆಯ ಉತ್ತರದ ಕಡೆಗೇ ಎಳೆಯುತ್ತದೆ.

ನಿಜವಾದ ಗಂಡಾಂತರ ಪ್ರಾಕ್ಟಿಕಲ್. ಮನುಷ್ಯನ ತಲೆಯ ಆಕಾರದ ಬೊಂಬೆಯೊಳಗೆ ಪ್ಲಾಸ್ಟಿಕ್ ಹಲ್ಲುಗಳ ಟೈಪೊಡಾಂಟ್ ಕೂರಿಸಿರುತ್ತಾರೆ. ನಿಜವಾದ ಹಲ್ಲಿನಲ್ಲಿ ಮೇಲಿನ ಗಟ್ಟಿ ಪದರ ಎನಾಮಲ್ ಮುಗಿದು ಒಳಗಿನ ಪದರ ಡೆಂಟಿನ್ ಬಂದಾಗ ಬರ್ (ಕೊರೆಯುವ ಮೊನೆ) ಹಿಡಿದ ಬೆರಳಿಗೇ ಗೊತ್ತಾಗುತ್ತದೆ, ಅಲ್ವಾ? ಪ್ಲಾಸ್ಟಿಕ್‌ನಲ್ಲಿ ಆ ಸುಳಿವು ಸಿಗುವುದಿಲ್ಲ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಬರ್ ಒಳಗೆ ಇಳಿದುಬಿಡುತ್ತದೆ, ಒಂದು ಕ್ಷಣ ಮೈಮರೆತರೆ ಆಳ ಜಾಸ್ತಿಯಾಗಿರುತ್ತದೆ.

ಹಿಂದಿನ ಎರಡು ಹಲ್ಲಿನ ನಡುವಿನ ಹುಳುಕಿಗೆ ಮಾಡುವ ಕ್ಲಾಸ್ ಟೂ ಪ್ರಿಪರೇಷನ್, ಅಂದರೆ ಫಿಲ್ಲಿಂಗ್‌ಗಾಗಿ ಪೆಟ್ಟಿಗೆಯ ಆಕಾರದಲ್ಲಿ ಕೊರೆಯುವ ಕೆಲಸ ತೆಗೆದುಕೊಳ್ಳಿ. ಪೆಟ್ಟಿಗೆ ಕೊರೆಯುತ್ತಾ ಪಕ್ಕದ ಹಲ್ಲಿನ ಹತ್ತಿರ ಬಂದಾಗ ಒಂದೇ ಒಂದು ಗೀರು ಬಿದ್ದರೂ ಅಂಕ ಹೋಗುತ್ತದೆ, ಗೀರು ಆಳವಾದರೆ ಆ ಕೆಲಸವೇ ಫೇಲ್ ಆಗಬಹುದು. ಕ್ಲಿನಿಕ್‌ನಲ್ಲಿ ಅಂಥ ಗೀರನ್ನು ನಾವು ಪಾಲಿಶ್ ಮಾಡಿ ಮುಂದೆ ಹೋಗಿರುತ್ತೇವೆ. ಇಲ್ಲಿ ಹಾಗಿಲ್ಲ. ಕೊನೆಯ ತೆಳುವಾದ ಗೋಡೆಯನ್ನು ಬರ್‌ನಿಂದ ಒಡೆಯದೆ ಹಾಗೇ ಬಿಟ್ಟು, ಕೈ ಉಪಕರಣದಿಂದ ಮೆಲ್ಲಗೆ ಮುರಿದು ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ. ಪಕ್ಕದ ಹಲ್ಲಿಗೆ ಲೋಹದ ಪಟ್ಟಿ ಕಟ್ಟಲು ನಿಯಮ ಒಪ್ಪಿದರೆ ಕಟ್ಟಿ.

ಬೊಂಬೆಯ ತಲೆಯನ್ನು ನಿಮಗೆ ಬೇಕಾದ ಹಾಗೆ ತಿರುಗಿಸಿಕೊಂಡು ಕೆಲಸ ಮಾಡುವ ಹಾಗಿಲ್ಲ. ರೋಗಿಯ ಕುತ್ತಿಗೆ ತಿರುಗುವಷ್ಟೇ ಅದೂ ತಿರುಗಬೇಕು. ಮೇಲಿನ ಹಲ್ಲಾದರೆ ಕನ್ನಡಿಯಲ್ಲೇ ನೋಡಿಕೊಂಡು ಕೊರೆಯಬೇಕು. ಅದಕ್ಕೇ ಹೇಳುವುದು, ಟೈಪೊಡಾಂಟನ್ನು ಮೇಜಿನ ಮೇಲಿಟ್ಟು ಅಭ್ಯಾಸ ಮಾಡಿದರೆ ಉಪಯೋಗವಿಲ್ಲ. ಬಾಯಿಯ ಎತ್ತರಕ್ಕೆ ಕಟ್ಟಿ, ಕೆನ್ನೆ ಅಡ್ಡ ಬರುವ ಹಾಗೆ ಮುಚ್ಚಿ, ಗಡಿಯಾರ ಎದುರಿಗಿಟ್ಟು ಮಾಡಿ. ಮಾಡಿದ ಪ್ರತಿ ಹಲ್ಲಿನ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ. ಮಾರ್ಜಿನ್ (ಕೊರೆದ ಅಂಚು) ಒರಟಾಗಿರುವುದು, ಗೋಡೆ ವಾಲಿರುವುದು ಎಲ್ಲ ಫೋಟೊದಲ್ಲಿ ಎದ್ದು ಕಾಣುತ್ತದೆ. ಆಗುವುದಾದರೆ ಆ ಪರೀಕ್ಷೆ ದಾಟಿದವರ ಕಣ್ಣಿಗೆ ವಾರಕ್ಕೊಮ್ಮೆ ನಿಮ್ಮ ಕೆಲಸ ಬೀಳಲಿ.

ಪರೀಕ್ಷೆಗಳಿಗೆ ಇಷ್ಟೇ ಸಲ ಕೂರಬಹುದು ಅನ್ನುವ ಮಿತಿ ಸಾಮಾನ್ಯವಾಗಿ ಇರುತ್ತದೆ. 'ಹೇಗಿರುತ್ತೆ ನೋಡೋಣ' ಅಂತ ಒಂದು ಅವಕಾಶ ಹಾಳು ಮಾಡಬೇಡಿ.

ಮಧ್ಯದ ವರ್ಷಗಳು

ಎರಡು ಮೂರು ವರ್ಷ ಕೈ ಕಟ್ಟಿ ಕೂರಬೇಕಿಲ್ಲ. ಡೆಂಟಲ್ ಅಸಿಸ್ಟೆಂಟ್ ಆಗಿ ಸೇರಬಹುದು, ಅದಕ್ಕೂ ಕೆಲವು ಕಡೆ ಸಣ್ಣ ಪರೀಕ್ಷೆ ಅಥವಾ ನೋಂದಣಿ ಬೇಕಾಗುತ್ತದೆ. ಡಾಕ್ಟರ್ ಆದವರು ಸಕ್ಷನ್ ಹಿಡಿಯುವುದೇ ಅಂತ ಮನಸ್ಸು ಹಿಂಜರಿಯುವುದು ಸಹಜ. ಆದರೆ ಅಲ್ಲಿನ ರೋಗಿ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾನೆ, ಡಾಕ್ಟರ್ ಒಪ್ಪಿಗೆ ಹೇಗೆ ಕೇಳುತ್ತಾರೆ, ಕಂಪ್ಯೂಟರಿನಲ್ಲಿ ಏನೇನು ಬರೆಯುತ್ತಾರೆ, ಇದೆಲ್ಲ ಕುರ್ಚಿಯ ಪಕ್ಕದಲ್ಲಿ ನಿಂತವರಿಗೆ ಸಿಗುವ ಪಾಠ. ಕೆಲವು ಓಸ್ಕಿ ಪರೀಕ್ಷೆಗಳಲ್ಲಿ ರೋಗಿಯ ಪಾತ್ರ ಮಾಡುವ ನಟರ ಜೊತೆ ಎದುರುಬದುರು ಮಾತಾಡಬೇಕಾದಾಗ ಇದೇ ಕೈಹಿಡಿಯುತ್ತದೆ. ಪರಿಚಯದವರು, ಸ್ವಂತದವರು ಅಂತ ಯಾರ ಬಾಯಿಗೂ ಲೈಸೆನ್ಸ್ ಇಲ್ಲದೆ ಕೈ ಹಾಕಬೇಡಿ, ಮುಂದಿನ ಅರ್ಜಿಗೇ ಕುತ್ತು ಬರುತ್ತದೆ.

ಲೈಸೆನ್ಸ್ ಬಂದ ಮೇಲೆ

ಲೈಸೆನ್ಸ್ ಬೇರೆ, ವೀಸಾ ಬೇರೆ. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಬರುವುದಿಲ್ಲ, ಎರಡರ ಅರ್ಜಿಯನ್ನೂ ಬೇರೆ ಬೇರೆಯಾಗಿ ಗಮನಿಸಿ. ರೋಗಿಗೆ ತೊಂದರೆಯಾದರೆ ಪರಿಹಾರ ಕೊಡುವ ವಿಮೆ ಮಾಡಿಸದೆ ಮೊದಲ ರೋಗಿಯನ್ನು ನೋಡುವ ಹಾಗಿಲ್ಲ ಅನ್ನುವ ದೇಶಗಳಿವೆ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ರೋಗಿಗಳನ್ನು ನೋಡಬೇಕಾದರೆ ನೋಂದಣಿ ಆದ ಮೇಲೂ 'ಪರ್ಫಾರ್ಮರ್ಸ್ ಲಿಸ್ಟ್' ಅನ್ನುವ ಇನ್ನೊಂದು ಪಟ್ಟಿಯಲ್ಲಿ ಹೆಸರು ಇರಬೇಕು. ಮೊದಲ ಕೆಲಸಕ್ಕೆ ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಅನುಮಾನ ಬಂದಾಗ ಪಕ್ಕದ ಕೋಣೆಗೆ ಹೋಗಿ ಎಕ್ಸ್‌ರೇ ತೋರಿಸಿ ಕೇಳಬಹುದಾದ ಹಿರಿಯರು ಇರುವ ಕ್ಲಿನಿಕ್ ಹುಡುಕಿಕೊಳ್ಳಿ.